'ಡಿಟ್ಯಾಚ್ಡ್' ಎಲ್ಲಿ ಸರಿ, ಎಲ್ಲಿ ಎಡವಟ್ಟು: ಕಲಬುರಗಿ ಕ್ಲಾಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಇಂಗ್ಲಿಷ್ ಹೇಳಿಕೊಡುವವರಿಗೆ ಕೆಲವು ಪದಗಳು ವರ್ಷವಿಡೀ ಬೆನ್ನು ಬಿಡೋದಿಲ್ಲ. ಡಿಟ್ಯಾಚ್ಡ್ ಅಂಥದ್ದೊಂದು. ಬ್ಯಾಂಕ್ ಪರೀಕ್ಷೆಗೆ ಓದುವವರು, ವಿದೇಶಕ್ಕೆ ಹೋಗಲು ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆಯುವವರು, ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ ಮೇಲ್ ಬರೆಯಲು ಒದ್ದಾಡುವವರು, ಎಲ್ಲರೂ ಇದರ ಬಗ್ಗೆ ಕೇಳುತ್ತಾರೆ. ಒಂದೇ ಕಡೆ ಬರೆದಿಟ್ಟರೆ ಆಯ್ತಲ್ಲ ಅಂತ ಬರೆದಿದ್ದೇನೆ. ಇಂಗ್ಲಿಷ್ ವಾಕ್ಯಗಳೂ ಕನ್ನಡ ಅಕ್ಷರದಲ್ಲೇ ಇವೆ. ಬಾಯಿಬಿಟ್ಟು ಓದಿಕೊಳ್ಳಿ, ಕಣ್ಣಲ್ಲಿ ಓದಿದ್ದಕ್ಕಿಂತ ಜಾಸ್ತಿ ಉಳಿಯುತ್ತದೆ.

ಸರ್, ಡಿಟ್ಯಾಚ್ಡ್ ಅಂದ್ರೆ ಒಂದೇ ಮಾತಲ್ಲಿ ಏನ್ರಿ?

ಅಂಟಿಕೊಂಡಿಲ್ಲ ಅಂತ. ವಸ್ತುವಿಗೂ ಹೇಳಬಹುದು, ಮನಸ್ಸಿಗೂ ಹೇಳಬಹುದು. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಈ ಪದ ನಂಟು ಇದೆಯೋ ಇಲ್ಲವೋ ಅನ್ನೋದನ್ನು ಮಾತ್ರ ಹೇಳುತ್ತದೆ. ಎಷ್ಟು ದೂರ ಇದ್ದಾರೆ, ಯಾಕೆ ಬೇರೆಯಾದರು, ಜಗಳ ಆಗಿತ್ತಾ, ಇದ್ಯಾವುದನ್ನೂ ಹೇಳೋದಿಲ್ಲ. ಅವ್ವನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದರೂ ಮನೆಯ ಯಾವ ಮಾತೂ ತಾಗದ ಮಗ ಡಿಟ್ಯಾಚ್ಡ್ ಇರಬಹುದು. ದುಬೈಯಲ್ಲಿ ದುಡಿಯುತ್ತಾ ದಿನಾ ರಾತ್ರಿ ಮನೆಗೆ ವಿಡಿಯೋ ಕಾಲ್ ಮಾಡಿ, ಎಮ್ಮೆ ಕರು ಹಾಕಿತಾ ಅಂತ ಕೇಳುವವನು ಡಿಟ್ಯಾಚ್ಡ್ ಅಲ್ಲವೇ ಅಲ್ಲ. ಕೆಳಗಿನ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಇಷ್ಟರಲ್ಲೇ ಇದೆ.

ನಾನು ಬೀದರ್‌ನವಳು, ಈಗ ಬೆಂಗಳೂರಿನ ಪಿಜಿಯಲ್ಲಿ ಇದ್ದೇನೆ. ಮನೆ ತುಂಬಾ ನೆನಪಾಗುತ್ತೆ. 'ಐ ಫೀಲ್ ಡಿಟ್ಯಾಚ್ಡ್ ಫ್ರಂ ಮೈ ಹೋಮ್' ಅಂತ ಬರೆಯಬಹುದಾ?

ಬೇಡಮ್ಮ. ಬರೆದರೆ ನೀನು ಹೇಳಬೇಕಾದ್ದಕ್ಕೆ ಪೂರ್ತಿ ಉಲ್ಟಾ ಆಗುತ್ತದೆ. ಮನೆ ನೆನಪಾಗಿ ಕಣ್ಣಲ್ಲಿ ನೀರು ಬರುತ್ತಿದೆ ಅಂದರೆ ನಂಟು ಗಟ್ಟಿಯಾಗಿದೆ ಅಂತಲೇ ಅರ್ಥ. ನಂಟು ಸಡಿಲಾಗಿ, ಮನೆ ಸುದ್ದಿ ಬಂದರೂ ಬರದಿದ್ದರೂ ಏನೂ ಅನಿಸದೇ ಇರೋದಕ್ಕೆ ಡಿಟ್ಯಾಚ್ಡ್ ಅನ್ನುತ್ತಾರೆ. ಅವ್ವ ಆ ವಾಕ್ಯ ಓದಿ ಯಾರಿಂದಲಾದರೂ ಅರ್ಥ ಕೇಳಿದರೆ ನೊಂದುಕೊಳ್ಳುತ್ತಾಳೆ, ನೋಡು.

ನಿನಗೆ ಬೇಕಾದ್ದು 'ಐ ಮಿಸ್ ಹೋಮ್' ಅಥವಾ 'ಐ ಆ್ಯಮ್ ಹೋಮ್‌ಸಿಕ್'. ಪಿಜಿಯಲ್ಲಿ ಮಾತಾಡಲು ಯಾರೂ ಇಲ್ಲ ಅನ್ನೋದಾದರೆ 'ಐ ಫೀಲ್ ಲೋನ್ಲಿ ಹಿಯರ್'. ಜನ ಇದ್ದಾರೆ, ಆದರೆ ಅವರ ಗುಂಪಿಗೆ ನನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಅನ್ನೋದಾದರೆ 'ಐ ಫೀಲ್ ಲೆಫ್ಟ್ ಔಟ್'. ಇವು ಮೂರೂ ಬೇರೆ ಬೇರೆ ನೋವು, ಒಂದರ ಜಾಗದಲ್ಲಿ ಇನ್ನೊಂದನ್ನು ಇಡೋಕೆ ಬರೋದಿಲ್ಲ.

ಹಾಗಾದರೆ ನಿನ್ನ ಸ್ಥಿತಿಯಲ್ಲಿ ಡಿಟ್ಯಾಚ್ಡ್ ಯಾವಾಗ ಸರಿ? ಎರಡು ಮೂರು ವರ್ಷ ಕಳೆದು ದೀಪಾವಳಿಗೆ ಬೀದರ್‌ಗೆ ಹೋಗುತ್ತೀಯ ಅಂದುಕೋ. ಗೆಳತಿಯರ ಮಾತು ಹಿಡಿಸೋದಿಲ್ಲ, ಓಣಿಯಲ್ಲಿ ಯಾರ ಮದುವೆ ಆಯ್ತು ಅನ್ನೋದು ಬೇಡವಾಗಿದೆ, ಬೇಜಾರೂ ಇಲ್ಲ, ಖುಷಿಯೂ ಇಲ್ಲ. ಆಗ 'ಐ ಫೆಲ್ಟ್ ಸ್ಟ್ರೇಂಜ್ಲಿ ಡಿಟ್ಯಾಚ್ಡ್ ಫ್ರಂ ಮೈ ಓಲ್ಡ್ ಲೈಫ್' ಅಂದರೆ ಸರಿಯಾಗಿ ಕೂರುತ್ತದೆ.

ಫ್ರಂ ಹಾಕಬೇಕಾ, ಟು ಹಾಕಬೇಕಾ, ವಿತ್ ಹಾಕಬೇಕಾ?

ಫ್ರಂ. ಬರೀ ಫ್ರಂ. ಕನ್ನಡದವರಿಗೆ ಇದು ಸುಲಭ ಇರಬೇಕಿತ್ತು, ನಾವು 'ಮನೆಯಿಂದ', 'ಜನರಿಂದ' ಅಂತ ಇಂದ ಹಚ್ಚಿಯೇ ಹೇಳುತ್ತೇವಲ್ಲ. ಆದರೂ 'ಅಟ್ಯಾಚ್ಡ್ ಟು' ಬಾಯಿಗೆ ರೂಢಿಯಾಗಿರೋದರಿಂದ ಅದೇ ಟು ಇಲ್ಲಿಗೂ ಬಂದುಬಿಡುತ್ತದೆ. ವಿತ್ ಬರೋದು 'ಅವರ ಜೊತೆ ಸಂಬಂಧ ಇಲ್ಲ' ಅನ್ನೋ ನಮ್ಮ ಮಾತಿನಿಂದ. ಯಾವುದರಿಂದ ಅಂತ ಹೇಳೋ ಅಗತ್ಯ ಇಲ್ಲದಿದ್ದರೆ ಫ್ರಂ ಕೂಡ ಬೇಡ. 'ಹಿ ಸೀಮ್ಡ್ ಡಿಟ್ಯಾಚ್ಡ್' ಅಷ್ಟೇ ಸಾಕು.

ನಾನು ಪುಣೆಯಲ್ಲಿ ಕೆಲಸ ಮಾಡುತ್ತೇನೆ, ಹೆಂಡತಿ ಮಕ್ಕಳು ಸೇಡಂನಲ್ಲಿ ಇದ್ದಾರೆ. ಫಾರ್ಮ್‌ನಲ್ಲಿ ಮ್ಯಾರಿಟಲ್ ಸ್ಟೇಟಸ್ ಅಂತ ಇದೆ. 'ಸೆಪರೇಟೆಡ್' ಟಿಕ್ ಮಾಡಲಾ? ಬೇರೆ ಬೇರೆ ಊರಲ್ಲಿ ಇದ್ದೇವಲ್ಲ.

ಅಣ್ಣಾ, ದಯವಿಟ್ಟು ಮಾಡಬೇಡಿ. 'ಮ್ಯಾರೀಡ್' ಟಿಕ್ ಮಾಡಿ.

ಸೆಪರೇಟೆಡ್ ಅಂದರೆ ಗಂಡ ಹೆಂಡತಿ ಸಂಸಾರ ಮುರಿದುಕೊಂಡು ಬೇರೆ ಇದ್ದಾರೆ, ಡಿವೋರ್ಸ್ ಮಾತ್ರ ಇನ್ನೂ ಆಗಿಲ್ಲ ಅಂತ. ನಮ್ಮಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯ 10ನೇ ಸೆಕ್ಷನ್‌ನಲ್ಲಿ 'ಜುಡಿಷಿಯಲ್ ಸೆಪರೇಷನ್' ಅಂತಲೇ ಇದೆ. ಕೋರ್ಟ್ ಅದನ್ನು ಕೊಟ್ಟ ಮೇಲೆ ಒಟ್ಟಿಗೆ ಇರಲೇಬೇಕು ಅನ್ನೋ ಕಟ್ಟುಪಾಡು ಇರೋದಿಲ್ಲ, ಆದರೆ ಮದುವೆ ಕಾನೂನಿನ ಪ್ರಕಾರ ಉಳಿದಿರುತ್ತದೆ. ವಿಮೆ, ಸಾಲ, ವೀಸಾ, ಯಾವ ಫಾರ್ಮ್‌ನಲ್ಲೇ ಆಗಲಿ ಆ ಪದಕ್ಕೆ ತೂಕ ಇದೆ.

ದುಡಿಮೆಗೆ ಅಂತ ಊರು ಬಿಟ್ಟಿರೋದು ನಮ್ಮ ಕಡೆ ಮನೆಮನೆ ಕಥೆ. ಯಾದಗಿರಿ, ಕಲಬುರಗಿ ಹಳ್ಳಿಗಳಿಂದ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್‌ಗೆ ಗುಳೆ ಹೋಗುವವರಿಗೆ ಲೆಕ್ಕ ಎಲ್ಲಿದೆ? ಅದನ್ನು ಇಂಗ್ಲಿಷಿನಲ್ಲಿ ಹೇಳೋದು ಹೀಗೆ: 'ವಿ ಲಿವ್ ಅಪಾರ್ಟ್ ಬಿಕಾಸ್ ಆಫ್ ಮೈ ವರ್ಕ್'. ಅಥವಾ 'ಮೈ ಫ್ಯಾಮಿಲಿ ಲಿವ್ಸ್ ಇನ್ ಸೇಡಂ'. ಇದಕ್ಕೂ ಡಿಟ್ಯಾಚ್ಡ್‌ಗೂ ಸಂಬಂಧವೇ ಇಲ್ಲ. 'ಐ ಆ್ಯಮ್ ಡಿಟ್ಯಾಚ್ಡ್ ಫ್ರಂ ಮೈ ವೈಫ್' ಅಂದರೆ ಹೆಂಡತಿ ಮೇಲೆ ಮನಸ್ಸೇ ಇಲ್ಲ ಅಂತ ನೀವೇ ಬರೆದುಕೊಟ್ಟ ಹಾಗೆ ಆಗುತ್ತದೆ.

ಪೇಪರ್‌ನಲ್ಲಿ 'ಎಸ್ಟ್ರೇಂಜ್ಡ್ ವೈಫ್' ಅಂತ ಬರುತ್ತಲ್ಲ, ಅದು ಬೇರೆಯಾ?

ಬೇರೆ. ಎಸ್ಟ್ರೇಂಜ್ಡ್ ಅಂದರೆ ಹಿಂದೆ ಹತ್ತಿರ ಇದ್ದವರು, ಆಮೇಲೆ ಮನಸ್ಸು ಮುರಿದು ದೂರವಾದವರು. ಗಂಡ ಹೆಂಡತಿಗೆ ಮಾತ್ರ ಅಲ್ಲ. ಹೊಲದ ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಎಸ್ಟ್ರೇಂಜ್ಡ್ ಬ್ರದರ್ಸ್. ಇದರಲ್ಲಿ ಒಂದು ಹಳೇ ಕಥೆ ಇದ್ದೇ ಇರುತ್ತದೆ. ಡಿಟ್ಯಾಚ್ಡ್‌ನಲ್ಲಿ ಅಂಥ ಕಥೆ ಇರಲೇಬೇಕು ಅಂತೇನಿಲ್ಲ. ಇನ್ನೊಂದು ತಮಾಷೆ ನೋಡಿ, ಎಸ್ಟ್ರೇಂಜ್ಡ್ ಆದವರು ಸಾಮಾನ್ಯವಾಗಿ ಡಿಟ್ಯಾಚ್ಡ್ ಆಗಿರೋದಿಲ್ಲ. ಮಾತು ಬಿಟ್ಟ ತಮ್ಮ ಏನು ಮಾಡುತ್ತಿದ್ದಾನೆ, ಯಾವ ಟ್ರ್ಯಾಕ್ಟರ್ ತಂದ ಅನ್ನೋದು ಅಣ್ಣನಿಗೆ ಊರಿಗಿಂತ ಮೊದಲೇ ಗೊತ್ತಿರುತ್ತದೆ.

ಐಇಎಲ್‌ಟಿಎಸ್ ಲಿಸನಿಂಗ್‌ನಲ್ಲಿ 'ಡಿಟ್ಯಾಚ್ಡ್ ಹೌಸ್' ಅಂತ ಬಂತು. ಊರ ಹೊರಗಿನ ಮನೆ ಅಂತ ಬರೆದೆ. ಸರಿನಾ?

ತಪ್ಪು. ಪಕ್ಕದ ಮನೆ ಜೊತೆ ಗೋಡೆ ಹಂಚಿಕೊಳ್ಳದೆ ತಾನೇ ನಿಂತಿರುವ ಮನೆ ಅದು. ಊರ ನಟ್ಟನಡುವೆ ಇದ್ದರೂ ಡಿಟ್ಯಾಚ್ಡ್ ಹೌಸೇ. ಕಲಬುರಗಿಯಲ್ಲಿ ನಾವು 'ಇಂಡಿಪೆಂಡೆಂಟ್ ಹೌಸ್' ಅನ್ನುತ್ತೇವೆ, ಹೆಚ್ಚುಕಮ್ಮಿ ಅದೇ. ಬ್ರಿಟನ್ನಿನಲ್ಲಿ ಮನೆ ಬಾಡಿಗೆಗೆ ಹುಡುಕುವವರಿಗೆ ಮೂರು ಮಾತು ಗೊತ್ತಿರಬೇಕು. ಡಿಟ್ಯಾಚ್ಡ್ ಅಂದರೆ ಎಲ್ಲಾ ಗೋಡೆ ಸ್ವಂತದ್ದು. ಸೆಮಿ ಡಿಟ್ಯಾಚ್ಡ್ ಅಂದರೆ ಒಂದು ಕಡೆ ಗೋಡೆ ಪಕ್ಕದವರ ಜೊತೆ ಕೂಡಿದೆ. ಟೆರೇಸ್ಡ್ ಅಂದರೆ ಸಾಲು ಮನೆ. ನಮ್ಮ ಹಳೇ ಓಣಿಗಳ ಮನೆಗಳೆಲ್ಲ ಬಹುಪಾಲು ಟೆರೇಸ್ಡ್ ಅಂತಲೇ ಹೇಳಬೇಕು, ಮೇಲೆ ಮಾಳಿಗೆ ಇರಲಿ ಬಿಡಲಿ.

ಸೆಮಿ ಡಿಟ್ಯಾಚ್ಡ್ ಅನ್ನೋದನ್ನು ಬ್ರಿಟಿಷರು ಮನುಷ್ಯರಿಗೂ ಹಚ್ಚಿದ್ದುಂಟು. 1986ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಪತ್ರಿಕಾ ಕಾರ್ಯದರ್ಶಿ ಬರ್ನಾರ್ಡ್ ಇಂಗಮ್, ಅವರದೇ ಸಂಪುಟದ ಮಂತ್ರಿ ಜಾನ್ ಬಿಫನ್ ಅವರನ್ನು ಸಂಪುಟದ ಸೆಮಿ ಡಿಟ್ಯಾಚ್ಡ್ ಸದಸ್ಯ ಅಂದುಬಿಟ್ಟರು. ಒಳಗೂ ಇದ್ದಾನೆ, ಪೂರ್ತಿ ನಮ್ಮವನೂ ಅಲ್ಲ ಅನ್ನೋ ಚುಚ್ಚುಮಾತು. ನಮ್ಮ ರಾಜಕೀಯದಲ್ಲೂ ಅಂಥವರಿಗೇನು ಬರ ಇಲ್ಲ.

ಬೀದರ್‌ನ ಚೌಬಾರಾಕ್ಕೆ ಡಿಟ್ಯಾಚ್ಡ್ ಅನ್ನಬಹುದಾ?

ಅನ್ನಬಹುದು. ಹಳೇ ಊರಿನ ನಡುವೆ ಯಾವ ಕಟ್ಟಡಕ್ಕೂ ಅಂಟದೆ ದುಂಡಗೆ ನಿಂತಿರುವ ಗೋಪುರ ಅಲ್ವಾ? 'ಅ ಡಿಟ್ಯಾಚ್ಡ್ ಟವರ್' ಸರಿ, 'ಅ ಫ್ರೀ ಸ್ಟ್ಯಾಂಡಿಂಗ್ ಟವರ್' ಇನ್ನೂ ಚೆನ್ನ. ಆದರೆ ಮಹಮೂದ್ ಗಾವಾನ್ ಮದ್ರಸಾದ ಮಿನಾರಕ್ಕೆ ಇದು ಒಪ್ಪೋದಿಲ್ಲ. ಅದು ಕಟ್ಟಡದ ಮೂಲೆಗೇ ಕೂಡಿಕೊಂಡಿದೆ.

ರೂಮ್ 'ಅಟ್ಯಾಚ್ಡ್ ಬಾತ್‌ರೂಮ್' ಇಲ್ಲ ಅಂದ್ರೆ 'ಡಿಟ್ಯಾಚ್ಡ್ ಬಾತ್‌ರೂಮ್' ಅನ್ನೋದಾ?

ಇಲ್ಲ. ಕೇಳಿದವರು ಬಚ್ಚಲುಮನೆ ಹಿತ್ತಲಲ್ಲಿ ಬೇರೆ ಕಟ್ಟಡದಲ್ಲಿದೆ ಅಂದುಕೊಳ್ಳುತ್ತಾರೆ. ನಿಜವಾಗಿ ಹಿತ್ತಲಲ್ಲೇ ಇದ್ದರೆ ಮಾತು ಬೇರೆ, ಆಗ ಸರಿ! ಇಲ್ಲದಿದ್ದರೆ 'ಕಾಮನ್ ಬಾತ್‌ರೂಮ್' ಅಥವಾ 'ಶೇರ್ಡ್ ಬಾತ್‌ರೂಮ್'. ವಿದೇಶದಲ್ಲಿ ಅಟ್ಯಾಚ್ಡ್ ಅನ್ನುವ ಬದಲು 'ಆನ್ ಸ್ವೀಟ್' ಅನ್ನೋದೇ ಜಾಸ್ತಿ.

ಹೊಳೆ ಬಂದು ಊರು ಬೇರೆಯಾಯಿತು ಅಂತ ಹೇಳಬೇಕು. 'ದಿ ವಿಲೇಜ್ ವಾಸ್ ಡಿಟ್ಯಾಚ್ಡ್' ಅನ್ನಲಾ?

'ಕಟ್ ಆಫ್' ಅನ್ನಿ. ದಾರಿ, ಕರೆಂಟ್, ಫೋನ್ ಕಡಿದುಹೋಗಿ ಹೊರಗಿನವರ ಸಂಪರ್ಕ ಇಲ್ಲ ಅನ್ನೋದಕ್ಕೆ ಅದೇ ಪದ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಕಲಬುರಗಿ ಜಿಲ್ಲೆಯ ನದಿ ದಂಡೆಯ ಹಳ್ಳಿಗಳ ಸ್ಥಿತಿ ನೆನಪಿದೆಯಲ್ಲ, 'ಮೆನಿ ವಿಲೇಜಸ್ ವರ್ ಕಟ್ ಆಫ್ ಬೈ ದಿ ಫ್ಲಡ್'. ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿ ಕೃಷ್ಣಾ ನದಿ ನಡುವಿನ ನಡುಗಡ್ಡೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಅಲ್ಲಿನ ಜನ 'ಮರೂನ್ಡ್' ಅಂತ ಇಂಗ್ಲಿಷ್ ಪೇಪರ್‌ಗಳು ಬರೆಯುತ್ತಿದ್ದವು. ಮರೂನ್ಡ್ ಅಂದರೆ ನೀರಿನ ನಡುವೆ ಸಿಕ್ಕಿಬಿದ್ದದ್ದು. ಸುಮ್ನೆ ಮುಖ್ಯ ರಸ್ತೆಯಿಂದ ದೂರ, ಬಸ್ಸು ಕಮ್ಮಿ ಅನ್ನೋ ಊರಿಗೆ 'ರಿಮೋಟ್ ವಿಲೇಜ್' ಸಾಕು.

ಯಾದಗಿರಿ ಕಲಬುರಗಿಯಿಂದ ಬೇರೆಯಾದ ಜಿಲ್ಲೆ. ಇಲ್ಲಾದ್ರೂ ಡಿಟ್ಯಾಚ್ಡ್ ನಡೆಯುತ್ತಾ?

ಅರ್ಥ ಆಗುತ್ತದೆ, ಆದರೆ ಹಾಗೆ ಬರೆಯೋ ರೂಢಿ ಇಲ್ಲ. 'ಯಾದಗಿರಿ ವಾಸ್ ಕಾರ್ವ್ಡ್ ಔಟ್ ಆಫ್ ಗುಲ್ಬರ್ಗಾ ಡಿಸ್ಟ್ರಿಕ್ಟ್' ಅನ್ನುತ್ತಾರೆ. ಅದು 2009ರ ಕೊನೆಯ ಮಾತು, ಕಲಬುರಗಿ ಅನ್ನೋ ಹೆಸರು ಅಧಿಕೃತ ಆಗಿದ್ದು 2014ರಲ್ಲಿ. ಹಾಗಾಗಿ ಆ ವಾಕ್ಯದಲ್ಲಿ ಗುಲ್ಬರ್ಗಾ ಅಂತಲೇ ಇರಲಿ.

ನೆಲದ ಫರ್ಸಿ ಕಲ್ಲು ಕಿತ್ತು ಬಂದಿದೆ, ಸೈಕಲ್ ಚೈನ್ ಕಳಚಿದೆ, ಗುಂಡಿ ಉದುರಿದೆ. ಎಲ್ಲಕ್ಕೂ ಡಿಟ್ಯಾಚ್ಡ್?

ಯಾವುದಕ್ಕೂ ಬೇಡ. ಮನೆಮಾತಿನಲ್ಲಿ 'ಕೇಮ್ ಆಫ್', 'ಕೇಮ್ ಲೂಸ್'. 'ದಿ ಚೈನ್ ಕೇಮ್ ಆಫ್'. 'ಒನ್ ಆಫ್ ದಿ ಶಹಾಬಾದ್ ಸ್ಲ್ಯಾಬ್ಸ್ ಹ್ಯಾಸ್ ಕಮ್ ಲೂಸ್'. ಸೈಕಲ್ ಅಂಗಡಿಗೆ ಹೋಗಿ ಚೈನ್ ಡಿಟ್ಯಾಚ್ ಆಗಿದೆ ಅಂದರೆ ಅವನು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ.

ಡಿಟ್ಯಾಚ್ ಅನ್ನೋದು ಬೇಕೆಂದೇ, ಮುರಿಯದೆ, ಬಿಡಿಸೋದಕ್ಕೆ ಹೊಂದುತ್ತದೆ. ಅರ್ಜಿಯ ಕೆಳಗಿನ ಚೀಟಿ ಹರಿದು ಇಟ್ಟುಕೊಳ್ಳಿ ಅನ್ನೋದಕ್ಕೆ 'ಡಿಟ್ಯಾಚ್ ಹಿಯರ್' ಅಂತ ಚುಕ್ಕೆಗೆರೆ ಪಕ್ಕ ಹಾಕಿರುತ್ತಾರೆ. ರೈಲ್ವೆಯವರ ಬಾಯಲ್ಲೂ ಇದೇ. ವಾಡಿ ಜಂಕ್ಷನ್‌ನಲ್ಲಿ ಇಂಜಿನ್ ಬಿಚ್ಚಿದರು ಅನ್ನಬೇಕಾದರೆ 'ದಿ ಇಂಜಿನ್ ವಾಸ್ ಡಿಟ್ಯಾಚ್ಡ್ ಅಟ್ ವಾಡಿ'. ಬೇಕಾದಾಗ ಬಿಚ್ಚಿ ಮತ್ತೆ ಹಾಕೋ ಹಾಗಿದ್ದರೆ 'ಡಿಟ್ಯಾಚಬಲ್'. ಜಾಕೆಟ್ಟಿನ ಟೋಪಿ ಬಿಚ್ಚಲು ಬರುತ್ತೆ ಅಂತ ಹೇಳುವಾಗ ಆನ್‌ಲೈನ್ ಅಂಗಡಿಗಳಲ್ಲಿ 'ಡಿಟ್ಯಾಚಬಲ್ ಹುಡ್' ಅಂತ ಬರೆದಿರುತ್ತಾರೆ.

ಇದು ಹೊಗಳಿಕೆಯಾ, ಬೈಗುಳವಾ?

ಒಳ್ಳೇ ಪ್ರಶ್ನೆ, ನನಗೆ ಇದರ ಬಗ್ಗೆ ಜಾಸ್ತಿ ಹೇಳೋಕಿದೆ. ಪದದಲ್ಲಿ ಎರಡೂ ಇಲ್ಲ, ಫ್ರಂ ಆದಮೇಲೆ ಏನು ಬರುತ್ತದೋ ಅದರಲ್ಲಿದೆ. ನ್ಯಾಯಾಧೀಶರು ಡಿಟ್ಯಾಚ್ಡ್ ಇದ್ದರೆ ಒಳ್ಳೇದು, ಇಬ್ಬರ ಕಡೆಗೂ ವಾಲದೆ ನೋಡುತ್ತಾರೆ. ವರದಿಗಾರರೂ ಹಾಗೇ, 'ಅ ಡಿಟ್ಯಾಚ್ಡ್ ಅಬ್ಸರ್ವರ್' ಅಂದರೆ ಮೆಚ್ಚುಗೆ. ಅದೇ ಒಬ್ಬ ಅಪ್ಪ ಡಿಟ್ಯಾಚ್ಡ್ ಅಂದರೆ ಮಕ್ಕಳ ಗತಿ ಏನು?

ಈಗ ನಮ್ಮ ನೆಲದ ಮಾತಿಗೆ ಬರೋಣ. ವೈರಾಗ್ಯ, ನಿರ್ಲಿಪ್ತ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಡಿಟ್ಯಾಚ್‌ಮೆಂಟ್ ಅಂತ ಬರೆಯೋದು ರೂಢಿ. ತಾವರೆ ಎಲೆ ಮೇಲಿನ ನೀರಿನ ಹಾಗೆ ಅಂತ ನಾವು ಹೇಳೋದಕ್ಕೆ ಇದು ಸರಿಯೇ. ಆದರೆ ಬಸವಕಲ್ಯಾಣದ ಶರಣರ ಬಗ್ಗೆ ಪ್ರಬಂಧ ಬರೆಯುವ ಮಕ್ಕಳು 'ಶರಣಾಸ್ ವರ್ ಡಿಟ್ಯಾಚ್ಡ್ ಫ್ರಂ ದಿ ವರ್ಲ್ಡ್' ಅಂತ ಒಂದೇ ಏಟಿಗೆ ಬರೆದುಬಿಡುತ್ತಾರೆ. ಹಾಗಂದರೆ ಲೋಕ ಬಿಟ್ಟು ಕಾಡಿಗೆ ಹೋದವರು ಅಂತ ಓದುವವರು ತಿಳಿಯುತ್ತಾರೆ. ಶರಣರು ಕಾಯಕ ಮಾಡಿದವರು. ದೋಣಿ ನಡೆಸಿದರು, ಚಪ್ಪಲಿ ಹೊಲಿದರು, ಹಗ್ಗ ಹೊಸೆದರು, ಬಂದ ದುಡಿಮೆಯಲ್ಲಿ ದಾಸೋಹ ಮಾಡಿದರು. ಅವರು ಬಿಟ್ಟಿದ್ದು ಜನರನ್ನಲ್ಲ, ಕೂಡಿಡುವ ಆಸೆಯನ್ನು. ಹಾಗಾಗಿ 'ಡಿಟ್ಯಾಚ್ಡ್ ಫ್ರಂ ವೆಲ್ತ್, ನಾಟ್ ಫ್ರಂ ಪೀಪಲ್' ಅಂತ ಬಿಡಿಸಿ ಬರೆಯಬೇಕು. ಕಲಬುರಗಿಯ ಶರಣಬಸವೇಶ್ವರರ ಬಗ್ಗೆ ಬರೆಯುವಾಗಲೂ ಅಷ್ಟೇ. ದಾಸೋಹಕ್ಕೆ ಹೆಸರಾದವರನ್ನು ಜನರಿಂದ ಡಿಟ್ಯಾಚ್ಡ್ ಅನ್ನೋದು ಎಲ್ಲಿಯ ನ್ಯಾಯ? ಪ್ರಬಂಧದಲ್ಲಿ ಇನ್ನೂ ಸೇಫ್ ಆಗಿ ಹೇಳಬೇಕಾದರೆ 'ನಾನ್ ಅಟ್ಯಾಚ್‌ಮೆಂಟ್' ಬಳಸಿ. ಅದರಲ್ಲಿ ತಣ್ಣಗಿನ ಮನಸ್ಸಿನ ಛಾಯೆ ಕಮ್ಮಿ.

ಇಂಟರ್‌ವ್ಯೂನಲ್ಲಿ 'ಐ ಆ್ಯಮ್ ಅ ಡಿಟ್ಯಾಚ್ಡ್ ಪರ್ಸನ್' ಅನ್ನಬಹುದಾ? ಪಕ್ಷಪಾತ ಇಲ್ಲ ಅಂತ ಹೇಳೋಕೆ.

ಬೇಡ. ಜನರ ಜೊತೆ ಬೆರೆಯೋದಿಲ್ಲ ಅಂತ ಎದುರಿನವರು ಬರೆದುಕೊಳ್ಳುತ್ತಾರೆ. 'ಐ ಟ್ರೈ ಟು ಬಿ ಫೇರ್ ಆ್ಯಂಡ್ ಆಬ್ಜೆಕ್ಟಿವ್' ಅನ್ನಿ. ಇದೇ ಸಾಲಿನಲ್ಲಿ ಇನ್ನೊಂದು ಗುಂಡಿ ಇದೆ. 'ಡಿಸ್‌ಇಂಟರೆಸ್ಟೆಡ್' ಅಂದರೆ ಸ್ವಾರ್ಥ ಇಲ್ಲದವನು, 'ಅನ್‌ಇಂಟರೆಸ್ಟೆಡ್' ಅಂದರೆ ಆಸಕ್ತಿ ಇಲ್ಲದವನು. ಇಂಗ್ಲಿಷಿನವರೇ ಎರಡನ್ನೂ ಕಲಸಿಹಾಕುತ್ತಾರೆ, ಆದರೆ ಪರೀಕ್ಷೆಯಲ್ಲಿ ವ್ಯತ್ಯಾಸ ಕೇಳುತ್ತಾರೆ. ಹಾಗೇ 'ಅನ್‌ಅಟ್ಯಾಚ್ಡ್' ಅಂದರೆ ಮದುವೆ, ಪ್ರೇಮ ಏನೂ ಇಲ್ಲದವರು. ಅದನ್ನು ಇಂಟರ್‌ವ್ಯೂನಲ್ಲಿ ಹೇಳೋ ಕೆಲಸವೇ ಇಲ್ಲ.

ಅಲೂಫ್, ಡಿಸ್ಟೆಂಟ್, ವಿತ್‌ಡ್ರಾನ್, ಇನ್‌ಡಿಫರೆಂಟ್. ಇವೆಲ್ಲ ಒಂದೇ ಅಂತ ಡಿಕ್ಷನರಿಯಲ್ಲಿದೆ.

ಡಿಕ್ಷನರಿ ಹತ್ತಿರ ಹತ್ತಿರ ಇರೋದನ್ನು ಒಟ್ಟಿಗೆ ಇಡುತ್ತದೆ, ಒಂದೇ ಅಂತ ಅಲ್ಲ. ಅಲೂಫ್‌ನಲ್ಲಿ ಸ್ವಲ್ಪ ದೊಡ್ಡಸ್ತಿಕೆ ಇದೆ, ಮದುವೆಮನೆಯಲ್ಲಿ ಯಾರನ್ನೂ ಮಾತಾಡಿಸದೆ ಮೂಲೆಯಲ್ಲಿ ಬಿಗಿದು ಕೂತ ಬೀಗರು. ಈ ಪದ ಹಡಗಿನವರಿಂದ ಬಂದದ್ದು. ದಡಕ್ಕೆ ತಾಗದ ಹಾಗೆ ಹಡಗನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿ ಇಡೋದು ಅಂತ ಮೂಲ. ಡಿಸ್ಟೆಂಟ್ ಅಂದರೆ ಮೊದಲಿನ ಸಲುಗೆ ಈಗ ಇಲ್ಲ: 'ಶಿ ಹ್ಯಾಸ್ ಬೀನ್ ಡಿಸ್ಟೆಂಟ್ ಲೇಟ್ಲಿ'. ದೂರದ ನೆಂಟರಿಗೂ ಇದೇ, 'ಡಿಸ್ಟೆಂಟ್ ರೆಲೆಟಿವ್'. ವಿತ್‌ಡ್ರಾನ್ ಅಂದರೆ ಒಳಗೊಳಗೇ ಮುದುಡಿಕೊಂಡವರು, ಅದರಲ್ಲಿ ನೋವಿನ ಸುಳಿವು ಇದೆ. ಇನ್‌ಡಿಫರೆಂಟ್ ಅಂದರೆ ಏನಾದರೂ ಆಗಲಿ ನನಗೇನು ಅನ್ನೋದು. ಡಿಟ್ಯಾಚ್ಡ್ ಆದವನು ಗಮನ ಇಟ್ಟು ನೋಡುತ್ತಿರಬಹುದು, ಇನ್‌ಡಿಫರೆಂಟ್ ಆದವನು ನೋಡೋದೇ ಇಲ್ಲ.

ಬೇರೆ ಠಾಣೆಗೆ ವರ್ಗ ಆದ ಪೊಲೀಸರಿಗೆ 'ಡಿಟ್ಯಾಚ್ಡ್ ಫ್ರಂ ಸ್ಟೇಷನ್ ಬಜಾರ್ ಪೊಲೀಸ್ ಸ್ಟೇಷನ್' ಅನ್ನಬಹುದಾ? 'ಅಟ್ಯಾಚ್ಡ್ ಟು' ಅಂತ ಬರೆಯುತ್ತಾರಲ್ಲ.

'ರಿಲೀವ್ಡ್' ಅಥವಾ 'ಟ್ರಾನ್ಸ್‌ಫರ್ಡ್' ಅನ್ನಿ. ಕೋರ್ಟ್ ಅಟ್ಯಾಚ್, ಅಂದರೆ ಜಪ್ತಿ, ಮಾಡಿದ ಆಸ್ತಿಯನ್ನು ಬಿಟ್ಟುಕೊಟ್ಟರೂ ಅದು ಡಿಟ್ಯಾಚ್ ಆಗೋದಿಲ್ಲ, 'ರಿಲೀಸ್ಡ್ ಫ್ರಂ ಅಟ್ಯಾಚ್‌ಮೆಂಟ್' ಆಗುತ್ತದೆ.

ಡಾಕ್ಟರ್ 'ಡಿಟ್ಯಾಚ್ಡ್ ರೆಟಿನಾ' ಅಂದರು. ಏನದು?

ಕಣ್ಣಿನ ಹಿಂಭಾಗದ ತೆಳು ಪದರ ತನ್ನ ಜಾಗದಿಂದ ಕಿತ್ತು ಬಂದಿದೆ ಅಂತ. ಇದಕ್ಕೆ ತಡ ಮಾಡಬಾರದು, ಅವತ್ತೇ ಕಣ್ಣಿನ ತಜ್ಞರ ಬಳಿ ಹೋಗಬೇಕು. ಇದ್ದಕ್ಕಿದ್ದಂತೆ ಮಿಂಚು ಹೊಡೆದ ಹಾಗೆ ಕಾಣೋದು, ಕಪ್ಪು ಚುಕ್ಕೆಗಳು ತೇಲಾಡೋದು, ಕಣ್ಣಿಗೆ ಪರದೆ ಎಳೆದ ಹಾಗಾಗೋದು ಇದರ ಸೂಚನೆ.

ಮನಸ್ಸಿನ ಡಾಕ್ಟರ್ ಹತ್ತಿರ ಈ ಪದ ಬಳಸಬಹುದಾ?

ಖಂಡಿತ. 'ಐ ಫೀಲ್ ಡಿಟ್ಯಾಚ್ಡ್ ಫ್ರಂ ಮೈ ಓನ್ ಬಾಡಿ', ಅಂದರೆ ನನ್ನನ್ನು ನಾನೇ ಹೊರಗಿನಿಂದ ನೋಡುತ್ತಿದ್ದ ಹಾಗೆ ಅನಿಸುತ್ತದೆ ಅನ್ನೋದು ಅವರಿಗೆ ತಕ್ಷಣ ತಿಳಿಯುವ ಮಾತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ಮಾನಸಿಕ ಕಾಯಿಲೆಗಳ ಲಕ್ಷಣ ಹೇಳುವ ಡಿಎಸ್‌ಎಂ ಕೈಪಿಡಿಯ ಐದನೇ ಆವೃತ್ತಿಯಲ್ಲಿ, ದೊಡ್ಡ ಆಘಾತದ ನಂತರ ಕಾಡುವ ಲಕ್ಷಣಗಳ ಪಟ್ಟಿಯಲ್ಲಿ ಬೇರೆಯವರಿಂದ ಡಿಟ್ಯಾಚ್‌ಮೆಂಟ್ ಅಥವಾ ಎಸ್ಟ್ರೇಂಜ್‌ಮೆಂಟ್ ಅನಿಸೋದೂ ಸೇರಿದೆ. ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲೇ ಹೇಳಿ, ಯಾರೂ ಮಾರ್ಕ್ಸ್ ಕೊಡೋದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

'ಐ ಆ್ಯಮ್ ಡಿಟ್ಯಾಚಿಂಗ್' ಅಂತ ಗೆಳೆಯರು ಸ್ಟೇಟಸ್ ಹಾಕುತ್ತಾರೆ. ಸರಿನಾ?

ಬೇಕೆಂದೇ ಒಂದು ಸಂಬಂಧದಿಂದ ಮನಸ್ಸು ಬಿಡಿಸಿಕೊಳ್ಳುತ್ತಿದ್ದೇನೆ ಅಂತಾದರೆ ನಡೆಯುತ್ತದೆ. ಈಗಿನ ಸ್ಥಿತಿ ಹೇಳೋದಾದರೆ 'ಐ ಫೀಲ್ ಡಿಟ್ಯಾಚ್ಡ್'. ಫೀಲ್, ಸೀಮ್, ಬಿಕಮ್, ರಿಮೇನ್, ಇವುಗಳ ಜೊತೆ ಚೆನ್ನಾಗಿ ಹೋಗುತ್ತದೆ. ನಾಮಪದದ ಮುಂದೂ ಬರುತ್ತದೆ: 'ಅ ಡಿಟ್ಯಾಚ್ಡ್ ಟೋನ್'. ಇನ್ನು 'ವಾಸ್ ಡಿಟ್ಯಾಚ್ಡ್ ಬೈ' ಅಂತ ಬಂದರೆ ಯಾರೋ ಬಿಡಿಸಿದರು ಅಂತ, ಆಗ ಅದು ಸ್ಥಿತಿ ಅಲ್ಲ, ಕೆಲಸ.

ಸ್ಪೆಲಿಂಗ್ ಪ್ರತಿ ಸಲ ತಪ್ಪುತ್ತೆ.

ಡಿ, ಇ, ಟಿ, ಎ, ಸಿ, ಎಚ್, ಇ, ಡಿ. ಸಿಗಿಂತ ಮೊದಲು ಇನ್ನೊಂದು ಟಿ ಇಲ್ಲ. ಕ್ಯಾಚ್, ಮ್ಯಾಚ್, ವಾಚ್ ಬರೆದ ಕೈ ಇಲ್ಲೂ ಟಿ ಸೇರಿಸುತ್ತದೆ. ಅಟ್ಯಾಚ್‌ನಲ್ಲೂ ಅದೇ, ಸಿಗಿಂತ ಮೊದಲು ಟಿ ಬೇಡ, ಆದರೆ ಮೊದಲ ಎ ಆದಮೇಲೆ ಎರಡು ಟಿ ಬೇಕು.

ಹೇಳೋದು ಹೇಗೆ? 'ಡಿಟ್ಯಾಚೆಡ್' ಅಂತನಾ?

ಅಲ್ಲ. ಎರಡೇ ತುಂಡು: ಡಿ, ಟ್ಯಾಚ್ಟ್. ಕೊನೆಯಲ್ಲಿ ಬರೆಯೋದು ಡಿ, ಬಾಯಲ್ಲಿ ಬರೋದು ಟ. ವಾಚ್ಡ್, ವಾಷ್ಡ್, ಕುಕ್ಡ್, ಎಲ್ಲದರ ಕೊನೆಯಲ್ಲೂ ಹೀಗೇ. ಒತ್ತು ಟ್ಯಾ ಮೇಲೆ. ಕನ್ನಡದಲ್ಲಿ ಬರೆಯುವಾಗ ಡಿಟ್ಯಾಚ್ಡ್ ಅಂತ ಬರೆದರೆ ಯಾರದೂ ತಕರಾರಿಲ್ಲ.